ಅವನು ನೋಡದ ಆಟ

“ನೋಡಿ, ಎಲ್ಲ ಕೋಣೆಗಳೂ ಮುಗಿದವು,” ಎಂದಳು ಅವಳು.

ಅವನು ಟಿವಿಯತ್ತ ಒಮ್ಮೆ ಕಣ್ಣು ಹಾಯಿಸಿ, “ಚೆನ್ನಾಗಿದೆ” ಎಂದು ಎದ್ದುಹೋದ. ಹದಿನಾಲ್ಕು ತಿಂಗಳಿಂದ ಇದೇ ಕತೆ.

ಆ ಪುಟ್ಟ ಕಂಪನಿಯಲ್ಲಿ ಅವನು ಪ್ರೋಗ್ರಾಮರ್, ಅವಳು ಚಿತ್ರಗಾರ್ತಿ. ಟಿವಿಗೆ ಸಿಕ್ಕಿಸುವ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆಗೆ, ಅದರ ಶಕ್ತಿಗೆ ಮೀರಿದ ಆಟವೊಂದನ್ನು ಕಟ್ಟುತ್ತಿದ್ದರು. ಬೊಂಬೆಯನ್ನು ಎಡದಿಂದ ಬಲಕ್ಕೆ ಕುಪ್ಪಳಿಸುವಂತೆ ಮಾಡಲಷ್ಟೇ ಬಲ್ಲ ಯಂತ್ರ ಅದು. ಅದರಲ್ಲಿ ಆಡುವವನೇ ಬಂದೂಕು ಹಿಡಿದು, ತನ್ನದೇ ಕಣ್ಣಿಂದ ನೋಡುತ್ತ, ಕೋಣೆಯಿಂದ ಕೋಣೆಗೆ ನಡೆಯಬೇಕು. ಗೋಡೆಗಳನ್ನೆಲ್ಲ ಬಿಡಿಸಿದವಳು ಅವಳು.

ಇವತ್ತು ಕೆಲಸದಲ್ಲಿ ಅವಳ ಕೊನೆಯ ದಿನ. ಮೆಚ್ಚಿದ ಮನುಷ್ಯ ತನ್ನ ಕೆಲಸವನ್ನು ಕಣ್ಣೆತ್ತಿ ನೋಡದಿದ್ದರೆ, ಅವನ ಪಕ್ಕದಲ್ಲಿ ಎಷ್ಟು ದಿನ ಅಂತ ಕೂರುವುದು? ಅವಳ ಕಾಗದ ಹಾರದಂತೆ ದಿನಾ ಬೆಳಿಗ್ಗೆ ಫ್ಯಾನನ್ನು ಅತ್ತ ತಿರುಗಿಸಿಡುತ್ತಿದ್ದವನೂ ಅವನೇ. ಅದಂತೂ ಅವಳಿಗೆ ಅರ್ಥವೇ ಆಗಿರಲಿಲ್ಲ.

ಆಟವಾಡಿ ತಪ್ಪು ಹುಡುಕುವ ಟೆಸ್ಟಿಂಗ್ ಅಕ್ಕ ಕೇಳಿದಳು, “ಯಾಕೆ ಹೋಗ್ತೀಯೇ?”

“ಅವರಿಗೆ ನನ್ನ ಗೋಡೆ ನೋಡೋಕೂ ಆಗಲ್ಲ ಅಕ್ಕ.”

“ಆಗಲ್ಲ ಕಣೇ, ನಿಜವಾಗ್ಲೂ ಆಗಲ್ಲ! ಟಿವಿಯಲ್ಲಿ ಆ ಗೋಡೆಗಳು ಅಲುಗಾಡೋದನ್ನ ಎರಡು ನಿಮಿಷ ನೋಡಿದರೆ ತಲೆ ಸುತ್ತಿ ವಾಂತಿ. ತಾನೇ ಬರೆದ ಆಟ, ಪುಣ್ಯಾತ್ಮ! ಯಜಮಾನರಿಗೆ ಗೊತ್ತಾದರೆ ಕೆಲಸ ಇನ್ನೊಬ್ಬರಿಗೆ ಕೊಡ್ತಾರೆ ಅಂತ ನನ್ನ ಬಾಯಿ ಮುಚ್ಚಿಸಿದ್ದಾನೆ.”

ಅವನು ಮುಖ ತೊಳೆದುಕೊಂಡು ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದ. ಕಣ್ಣ ಕೆಳಗೆ ಕಪ್ಪು. ಅವಳು ಪಕ್ಕದಲ್ಲಿ ಕೂತಳು.

“ನನಗಾದರೂ ಹೇಳಬಹುದಿತ್ತಲ್ಲ?”

“ಏನಂತ ಹೇಳಲಿ? ನಿಮ್ಮ ಗೋಡೆ ನೋಡಿದರೆ ವಾಂತಿ ಬರುತ್ತೆ ಅಂತಲೇ?”

ಅವಳಿಗೆ ನಗು ಬಂತು. ಜೊತೆಗೇ ಕಣ್ಣೂ ತುಂಬಿತು.

“ಮತ್ತೆ ಆಟದ ಗ್ಯಾರೇಜಿನ ಗೋಡೇಲಿ ಒಂದು ಇಟ್ಟಿಗೆ ಸೊಟ್ಟ ಅಂತ ಒಮ್ಮೆ ಅಂದಿರಲ್ಲ, ಅದು ಹೇಗೆ ಗೊತ್ತಾಯ್ತು?”

“ನೀವು ಕಾಗದದಲ್ಲಿ ಬಿಡಿಸಿ ಕಸದ ಬುಟ್ಟಿಗೆ ಹಾಕ್ತೀರಲ್ಲ, ಎಲ್ಲ ನನ್ನ ಡ್ರಾಯರಿನಲ್ಲಿವೆ. ಅವು ಅಲುಗಾಡಲ್ಲ. ಎಷ್ಟು ಹೊತ್ತು ಬೇಕಾದರೂ ನೋಡಬಹುದು.” ಮೆಟ್ಟಿಲನ್ನೇ ನೋಡುತ್ತ ಹೇಳಿದ, “ನಿಮ್ಮನ್ನೂ. ಚಿತ್ರ ಬಿಡಿಸುವಾಗ ನೀವೂ ಅಲುಗಾಡಲ್ಲ.”

ಅವಳು ತನ್ನ ಉಗುರಿಗೆ ಅಂಟಿದ ಬಣ್ಣವನ್ನು ಕೆರೆಯುತ್ತ ಕೂತಳು. ಆಮೇಲೆ ಎದ್ದಳು.

“ಬನ್ನಿ. ಕಣ್ಣು ಮುಚ್ಚಿಕೊಳ್ಳಿ. ನಾನು ನಡೀತೀನಿ. ನಿಂತ ಮೇಲೆ ಹೇಳ್ತೀನಿ, ಆಗ ಕಣ್ಣು ಬಿಡಿ.”

ಟಿವಿ ಮುಂದೆ ಇಬ್ಬರೂ ಕೂತ ಮೇಲೆ, ಅವಳು ಆಟದಲ್ಲಿ ಒಂದು ಕೋಣೆಗೆ ನಡೆದು ನಿಂತಳು. “ಬಿಡಿ.” ಅವನು ನೋಡಿದ. “ಮುಚ್ಚಿ.” ಮತ್ತೆ ನಡೆದಳು. ಐದನೇ ಕೋಣೆಯಲ್ಲಿ ಶತ್ರು ಎದುರಾದ.

“ಅಯ್ಯೋ, ಗುಂಡು ಹಾರಿಸಿ!” ಎಂದ ಅವನು.

“ಹಾರಿಸಿದರೆ ಎಲ್ಲ ಅಲುಗಾಡುತ್ತಲ್ರೀ!”

ಸತ್ತರು. ಮೊದಲಿನಿಂದ ಶುರು ಮಾಡಿದರು. ಒಂಬತ್ತು ಕೋಣೆ ನೋಡಲು ಇಡೀ ಮಧ್ಯಾಹ್ನ ಹಿಡಿಯಿತು.

“ಹೋಗ್ತೀರಾ?” ಅವನು ಮೆಲ್ಲಗೆ ಕೇಳಿದ.

“ಕೆಲಸವಂತೂ ಬಿಡ್ತೀನಿ, ಸಾಕಾಗಿಹೋಗಿದೆ. ನೀವು ಭಾನುವಾರ ಮನೆಗೆ ಬನ್ನಿ. ಅಪ್ಪನ ಹತ್ತಿರ ಮಾತಾಡಬೇಕಲ್ಲ.”

ಉತ್ತರ ಕೊಡಲು ಬಾಯಿ ತೆರೆದವನಿಗೆ ದೊಡ್ಡ ಆಕಳಿಕೆ ಬಂತು. ಅದನ್ನು ನೋಡಿ ಅವಳಿಗೂ ಬಂತು.

“ಬರ್ತೀನಿ ಅನ್ನಿ ಮೊದಲು.”

“ಬರ್ತೀನಿ,” ಎಂದ. ಹಾಗೇ ಅವಳ ಭುಜಕ್ಕೆ ತಲೆ ಒರಗಿತು. ಅವಳು ಅಲುಗಾಡದೆ ಕೂತಳು.