ಗಿರಣಿ ಮನೆಯ ಖಾಲಿ ಪೆಟ್ಟಿಗೆ

“ಹಾರ್ಡ್ ಡಿಸ್ಕ್ ಕೆಟ್ಟಿಲ್ಲ ಅಕ್ಕಾರ,” ಎಂದಳು ಸುಕನ್ಯಾ, ಕಂಪ್ಯೂಟರ್ ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು. “ಡಿಸ್ಕೇ ಇಲ್ಲ.”

ಸುನಿತಾ ಬಗ್ಗಿ ನೋಡಿದಳು. ಎರಡು ವೈರುಗಳು ಸುಮ್ಮನೆ ಜೋತಾಡುತ್ತಿದ್ದವು. ಡಿಸ್ಕ್ ಇರಬೇಕಾದ ಜಾಗ ಬಟಾಬಯಲು! ಡಿಸ್ಕೇನು ಹಿತ್ತಲಿನ ಕರಿಬೇವೇ, ಹೋಗೋರು ಬರೋರು ಚಿವುಟಿಕೊಂಡು ಹೋಗಲು?

ಕಂಪ್ಲಿಯ ಈ ಅಕ್ಕಿ ಗಿರಣಿ ಮನೆಯಲ್ಲಿ ಕುಳಿತು ಸುನಿತಾ ಆರು ವರ್ಷದಿಂದ ‘ಕಣದ ಮಾತು’ ಎಂಬ ಬ್ಲಾಗ್ ಬರೆಯುತ್ತಿದ್ದಾಳೆ. ಬರೆದು ಹಾಕಿದ್ದೆಲ್ಲ ಇಂಟರ್ನೆಟ್ಟಿನಲ್ಲಿ ಭದ್ರವಾಗಿತ್ತು. ಇನ್ನೂ ಹಾಕದೆ ಉಳಿದದ್ದು ಮಾತ್ರ ಆ ಡಿಸ್ಕಿನಲ್ಲಿತ್ತು — ಹೊಳೆಮ್ಮ ಹಾಡಿ, ಸುನಿತಾ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ನಲವತ್ಮೂರು ಹಾಡು. ಗಿರಣಿಯ ಕಣದಲ್ಲಿ ನಲವತ್ತು ವರ್ಷ ಭತ್ತ ಒಣಗಿಸಿದ ಹೊಳೆಮ್ಮ ಹೋದ ತಿಂಗಳು ತೀರಿಕೊಂಡಿದ್ದಳು. ಫೋನು ತುಂಬಿತೆಂದು ಸುನಿತಾ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಫೋನಿನಿಂದ ಅಳಿಸಿದ್ದಳು. ಇನ್ನೊಂದು ಕಾಪಿ? ನಾಳೆ ಮಾಡಿದರಾಯಿತು, ನಾಡಿದ್ದು ಮಾಡಿದರಾಯಿತು ಎನ್ನುವುದರಲ್ಲೇ ದಿನ ಕಳೆದಿತ್ತು.

ಇವತ್ತು ನಾಲ್ಕು ಗಂಟೆಯ ಬಸ್ಸಿಗೆ ಹೊಳೆಮ್ಮನ ಮಗಳು ಗಂಗೋತ್ರಿ ಬಂಡ್ರಿಯಿಂದ ಬರುವವಳಿದ್ದಳು, ಅವ್ವನ ದನಿ ಕೇಳಲು. ಅವಳ ಹತ್ತಿರ ಅವ್ವನದೊಂದು ಫೋಟೊ ಕೂಡ ಇರಲಿಲ್ಲ. ಈಗ ಗಂಟೆ ಹನ್ನೊಂದು. ಆ ಹುಡುಗಿಗೆ ಯಾವ ಮುಖ ತೋರಿಸುವುದು?

ಸುಕನ್ಯಾ ಹೊಸಪೇಟೆಯವಳು. ಸ್ಕೂಟರಿನಲ್ಲಿ ಚೀಲ ಹಾಕಿಕೊಂಡು ಮನೆ ಮನೆಗೆ ಹೋಗಿ ಕಂಪ್ಯೂಟರ್ ರಿಪೇರಿ ಮಾಡುತ್ತಾಳೆ. ಯಾವ ಪೆಟ್ಟಿಗೆಯನ್ನೇ ಆಗಲಿ, ಬಿಚ್ಚುವ ಮೊದಲು ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೊ ಹೊಡೆದುಕೊಳ್ಳುವುದು ಅವಳ ಪದ್ಧತಿ. ಹಿಂದೊಮ್ಮೆ ಯಾರೋ “ಈ ಗೀರು ನೀವೇ ಮಾಡಿದ್ದು” ಎಂದು ಜಗಳ ತೆಗೆದ ಮೇಲೆ ಕಲಿತದ್ದು.

“ಕೊನೀಗೆ ಯಾವಾಗ ಚಾಲೂ ಆಗಿತ್ತು?”

“ಬುಧವಾರ. ಅಮಾಸಿ ಮರುದಿನ. ಬ್ಲಾಗಿಗೆ ಬರ್ದು ಹಾಕೀನಲ್ರಿ, ತಾರೀಖು ಐತಿ.”

ಗುರುವಾರ ಸುನಿತಾ ತಂಗಿಯ ಮಗಳ ನಿಶ್ಚಿತಾರ್ಥಕ್ಕೆಂದು ಸಂಡೂರಿಗೆ ಹೋಗಿ, ರಾತ್ರಿ ಬಂದು ಮಲಗಿದ್ದಳು. ಶುಕ್ರವಾರ, ಅಂದರೆ ಇವತ್ತು ಬೆಳಿಗ್ಗೆ, ಸ್ವಿಚ್ ಒತ್ತಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ. ಹಾಗಾದರೆ ಕೈಚಳಕ ನಡೆದದ್ದು ಗುರುವಾರವೇ. ಗುರುವಾರ ಮನೆಗೆ ಬಂದವರು ಯಾರು?

“ಯಲ್ಲೇಶ!” ಎಂದ ಮನೋಹರ್, ಸುನಿತಾಳ ಗಂಡ. ಯಲ್ಲೇಶ ಅವನ ಚಿಕ್ಕಪ್ಪನ ಮಗ, ತೋರಣಗಲ್ಲಿನಲ್ಲಿ ಕೆಲಸ. ಕಂಪ್ಯೂಟರಿನ ಹೊಟ್ಟೆ ಬಗೆಯುವುದು ಗೊತ್ತಿದ್ದವನು. ದಸರೆಯಲ್ಲಿ ಇದೇ ಪೆಟ್ಟಿಗೆ ಬಿಚ್ಚಿ ತೌಡಿನ ಧೂಳು ತೆಗೆದುಕೊಟ್ಟಿದ್ದ. ಮೊನ್ನೆಯಷ್ಟೇ, ಹಳೆ ಡಿಸ್ಕ್ ಇದ್ದರೆ ಕೊಡಿ ಎಂದು ಕೇಳಿದ್ದ. ನಿನ್ನೆ ಬಂದು ಊಟ ಮಾಡಿಕೊಂಡೂ ಹೋಗಿದ್ದ. ಇನ್ನೇನು ಬೇಕು? ಫೋನು ಮಾಡಿದರೆ ಅವನು ಶಿಫ್ಟಿನಲ್ಲಿದ್ದ. ಎತ್ತಲಿಲ್ಲ. ಎತ್ತದ್ದೇ ಅಪರಾಧವಾಯಿತು.

ಸುಕನ್ಯಾ ಮನೋಹರನನ್ನೂ ಬಿಡಲಿಲ್ಲ. ಗಿರಣಿ ಧೂಳಿನ ಬಗ್ಗೆ ಸುನಿತಾ ಬರೆದದ್ದನ್ನು ಓದಿ ಉಳಿದ ಗಿರಣಿಯವರು ಅವನನ್ನು ಆಡಿಕೊಂಡಿದ್ದರಂತೆ. ಈ ಡಬ್ಬಿಯನ್ನು ಕಾಲುವೆಗೆ ಒಗೆಯುತ್ತೇನೆ ಎಂದು ಅವನು ಕೂಗಾಡಿದ್ದು ನಿಜವೇ? ಮನೋಹರನ ಮುಖ ಕೆಂಪಾಯಿತು. ಅಂದದ್ದು ಹೌದು, ಆದರೆ ತನಗೆ ಸ್ಕ್ರೂಡ್ರೈವರ್ ಯಾವ ಕಡೆ ತಿರುಗಿಸಬೇಕೆಂಬುದೂ ತಿಳಿಯದು ಎಂದ. ಅದು ಊರಿಗೇ ಗೊತ್ತಿದ್ದ ಸತ್ಯ. ಸುನಿತಾಳ ಮಾವ ತೀರಿಕೊಂಡ ಮೇಲೆ ಗಿರಣಿ ಯಂತ್ರದ ಬೋಲ್ಟು ಬಿಗಿಮಾಡುತ್ತಾ ಬಂದವಳು ಅವನ ತಾಯಿ ಕೊಟ್ರಬಸಮ್ಮ.

ಆ ಕೊಟ್ರಬಸಮ್ಮ ಬಾಗಿಲ ಬಳಿ ಕುಳಿತು ಅಕ್ಕಿ ಆರಿಸುತ್ತಿದ್ದಳು. ಸುಕನ್ಯಾ ಅವಳನ್ನು ಒಂದೇ ಪ್ರಶ್ನೆ ಕೇಳಿದಳು.

“ಅಮ್ಮಾರ, ಕಂಪ್ಯೂಟರಿಗೆ ವಿಭೂತಿ ಹಚ್ಚೋರು ನೀವ ಏನ್ರಿ?”

“ಮತ್ಯಾರು? ಗಿರಣಿಗೆ, ತಕ್ಕಡಿಗೆ, ಇದಕ್ಕ. ಅಮಾಸಿಗೊಮ್ಮೆ. ಹಚ್ಚಿದ ಮ್ಯಾಲೆ ಮುಂದಿನ ಅಮಾಸಿತನ ಮುಟ್ಟಂಗಿಲ್ಲ.”

ಸುಕನ್ಯಾ ತಲೆಯಾಡಿಸಿ ತನ್ನ ಫೋನು ತೆಗೆದು ನೋಡುತ್ತಾ ಕುಳಿತಳು. ಇತ್ತ ಮನೋಹರ್ ಬೈಕಿನ ಕೀ ಹಿಡಿದು ಎದ್ದೇಬಿಟ್ಟ. ಠಾಣೆಗೆ ಹೋಗಿ ಯಲ್ಲೇಶನ ಮೇಲೆ ದೂರು ಕೊಡುವವನೇ.

“ಕುಂದ್ರಿ ಅಣ್ಣಾರ,” ಎಂದಳು ಸುಕನ್ಯಾ. “ಯಲ್ಲೇಶ ತೆಗ್ದಿಲ್ಲ. ನೀವೂ ತೆಗ್ದಿಲ್ಲ.”

ಅವಳು ಫೋನನ್ನು ಸುನಿತಾಳ ಮುಂದೆ ಹಿಡಿದಳು. ಬಿಚ್ಚುವ ಮೊದಲು ತೆಗೆದ ಫೋಟೊ. ಪೆಟ್ಟಿಗೆಯ ಮುಂಭಾಗದಿಂದ ಪಕ್ಕದ ತಗಡಿನವರೆಗೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ. ಸುನಿತಾ ದಿನಾ ನೋಡುವುದೇ. ದಿನಾ ನೋಡುವುದನ್ನು ಯಾರು ನೋಡುತ್ತಾರೆ?

“ಈ ತಗಡು ಜಗ್ಗಿದ್ರ ಮಾತ್ರ ಡಿಸ್ಕ್ ಕೈಗೆ ಸಿಗ್ತತಿ. ಜಗ್ಗಿದ್ರ ಗೆರಿ ಮುರೀತಾವು. ಈಗ ನಾ ಬಿಚ್ಚಿದಾಗ ಮುರ್ದಾವು, ನೋಡ್ರಿ. ಆದ್ರ ಫೋಟೊದಾಗ ಗೆರಿ ಇಡಿಯಾಗಿ ಅದಾವು. ಸಂದಿನೊಳಗೂ ವಿಭೂತಿ ತುಂಬೈತಿ.”

ಸುನಿತಾ ಲೆಕ್ಕ ಹಾಕಿದಳು. ಅಮಾಸೆ ಮಂಗಳವಾರ. ಬುಧವಾರ ಡಿಸ್ಕ್ ಒಳಗೇ ಇತ್ತು. ಅಂದ ಮೇಲೆ ಗುರುವಾರ ತಗಡು ತೆಗೆದವರು, ಮತ್ತೆ ಮುಚ್ಚಿದ ಮೇಲೆ —

“ಹೊಸದಾಗಿ ವಿಭೂತಿ ಹಚ್ಯಾರ,” ಎಂದಳು ಸುಕನ್ಯಾ. “ಕಳ್ಳ ಆದೋನು ಹಚ್ತಾನೇನ್ರಿ? ಯಂತ್ರ ಬರೇ ಹಣಿಲೆ ಇರಬಾರದು ಅನ್ನೋ ಕೈ ಮಾತ್ರ ಹಚ್ತತಿ. ದಸರಾದಾಗ ಯಲ್ಲೇಶ ಬಿಚ್ಚುವಾಗ ಟಾರ್ಚ್ ಹಿಡಿದೋರು ಯಾರು, ಅಕ್ಕಾರ?”

ಸುನಿತಾ ಬಾಗಿಲ ಕಡೆ ತಿರುಗಿದಳು. ಮೊರದ ಮೇಲೆ ಅತ್ತೆಯ ಕೈ ನಿಂತುಹೋಗಿತ್ತು.

ಕೊಟ್ರಬಸಮ್ಮ ಮೊರ ಬದಿಗಿಟ್ಟಳು. ಎದ್ದು ದೇವರ ಜಗಲಿಗೆ ಹೋದಳು. ಹೊಸ ಕುಪ್ಪಸದ ಖಣದಲ್ಲಿ ಸುತ್ತಿದ ಡಿಸ್ಕನ್ನು ತಂದು ಸೊಸೆಯ ಕೈಗಿಟ್ಟಳು. ಸುನಿತಾಳಿಗೆ ಸಿಟ್ಟು ನೆತ್ತಿಗೇರಿತು. ಪಾಪದ ಯಲ್ಲೇಶ ಜೈಲು ನೋಡಿ ಬರುತ್ತಿದ್ದ! ಯಾಕೆ ಅತ್ತಿ, ಯಾಕೆ?

“ಬುಧವಾರ ನೀ ಹಚ್ಚಿದ್ದಿಯಲ್ಲ, ಆ ಹಾಡು,” ಎಂದಳು ಕೊಟ್ರಬಸಮ್ಮ. “ಕೇಳಿದೆ.”

ಸುನಿತಾಳಿಗೆ ನೆನಪಿತ್ತು. ಅದನ್ನೇ ಗಂಗೋತ್ರಿಗೆ ಮೊದಲು ಕೇಳಿಸಬೇಕೆಂದುಕೊಂಡಿದ್ದಳು.

*ಹತ್ತು ದಿನದ ಕೂಸು ಬಂಡಿಯ ನೆರಳಾಗ,*
*ಹೊತ್ತೇರಿ ಬಂತವ್ವ, ಹಾಲುಕ್ಕಿ ಎದಿಯಾಗ,*
*ಒಡತಿ ಕರದಾಳ ಕಣಕ.*

ಹಿಂದಿನವರು ಕಟ್ಟಿದ ಹಾಡೆಂದು ಸುನಿತಾ ತಿಳಿದಿದ್ದಳು.

“ಒಡತಿ ಅಂದ್ರ ನಾನ. ಮಳಿ ಬರೋಹಂಗಿತ್ತು, ಭತ್ತ ತೊಯ್ತಾವಂತ ಬಾಣಂತೀನ ಕರಿಸಿದೆ. ಆ ಕೂಸು ಗಂಗೋತ್ರಿ.” ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಅಕಿ ಮುಂದ ಕುಂತು ಹೆಂಗ ಕೇಳ್ಲಿ? ಒಡ್ದು ಹಾಕೋಣಂದ್ರ ಅದ್ರಾಗ ಹೊಳೆಮ್ಮ ಅದಾಳ. ಮನಸ ಬರ್ಲಿಲ್ಲ.”

ಸುಕನ್ಯಾ ಡಿಸ್ಕ್ ಜೋಡಿಸಿದಳು. ಕಂಪ್ಯೂಟರ್ ಗುಂಯ್ ಎಂದು ಎದ್ದಿತು. ನಲವತ್ಮೂರೂ ಇದ್ದವು! ಸುನಿತಾ ಕುಣಿಯುವುದೊಂದು ಬಾಕಿ. ಎರಡು ಕಡೆ ಕಾಪಿ ಆಗುವವರೆಗೆ ತಾನು ಹೊಸಪೇಟೆಗೆ ಹೊರಡುವುದಿಲ್ಲ ಎಂದು ಸುಕನ್ಯಾ ಪಟ್ಟು ಹಿಡಿದಳು.

ನಾಲ್ಕೂವರೆಗೆ ಗಂಗೋತ್ರಿ ಬಂದಳು. ಕೊಟ್ರಬಸಮ್ಮ ಒಳಮನೆಗೆ ಹೋಗಲಿಲ್ಲ. ಕುರ್ಚಿ ಬಿಟ್ಟು ಅವಳ ಪಕ್ಕ ನೆಲದ ಮೇಲೆ ಕುಳಿತಳು. ಹಾಡು ಮುಗಿಯಿತು.

“ಆ ಒಡತಿ ನಾನವ್ವ,” ಎಂದಳು ಕೊಟ್ರಬಸಮ್ಮ.

ಗಂಗೋತ್ರಿ ಕಣ್ಣೊರೆಸಿಕೊಂಡಳು. “ಗೊತ್ತೈತ್ರಿ ಅಮ್ಮಾರ. ಇದನ್ನ ಹಾಡಿ ಹಾಡಿ ಅವ್ವ ನನ್ನ ಮಲಗಿಸ್ತಿದ್ಲು.” ಆಮೇಲೆ ಸುನಿತಾಳ ಕಡೆ ತಿರುಗಿ, ಇನ್ನೊಮ್ಮೆ ಹಚ್ಚಿರಿ ಎಂದಳು.

ಅಂದು ಸಂಜೆ ‘ಕಣದ ಮಾತು’ ಬ್ಲಾಗಿನಲ್ಲಿ ಹೊಳೆಮ್ಮನ ಮೊದಲ ಹಾಡು ಏರಿತು. ಹಾಡಿದವರ ಹೆಸರು ಬರೆದು ಸುನಿತಾ ಮುಗಿಸುವುದರಲ್ಲಿದ್ದಳು. ಹಿಂದೆ ನಿಂತಿದ್ದ ಅತ್ತೆ ಅವಳ ಹೆಗಲು ಮುಟ್ಟಿದಳು.

“ಒಡತಿ ಹೆಸರೂ ಬರಿ.”

ಸುನಿತಾ ಬರೆದಳು.