ಹಡಗೆಂದರೆ ಒಂದು ಜಾತಿಯ ಮೇಕೆ

"ನಿಮ್ಮ ಮಕ್ಕಳು ಚೆನ್ನಾಗಿ ಓದ್ತಾರೆ, ಯಾಮ್ನಾ ಟೀಚರ್. ಏನು ಓದಿದ್ವಿ ಅಂತ ಮಾತ್ರ ಗೊತ್ತಿರಲ್ಲ."

ಝುಹೈರ್ ಇದನ್ನು ಹೇಳಿದ್ದು ಸ್ಟಾಫ್ ರೂಮಿನಲ್ಲಿ, ಎಲ್ಲರೆದುರು, ನಗುತ್ತಾ. ಯಾಮ್ನಾ ಒಂದನೇ ತರಗತಿಯಲ್ಲಿ ಅಕ್ಷರ ಕಲಿಸಿ ಕಳಿಸಿದ ತೂಡಾ ಈ ವರ್ಷ ಅವನ ಎರಡನೇ ತರಗತಿಯಲ್ಲಿದ್ದಳು. ಅರಬ್ಬಿ ಪಾಠವನ್ನು ಎಲ್ಲೂ ತಡವರಿಸದೆ ಓದಿದಳು. ಹಡಗು ಅಂದರೇನು ಎಂದು ಕೇಳಿದರೆ, ಒಂದು ಜಾತಿಯ ಮೇಕೆ ಎಂದಳಂತೆ.

ಯಾಮ್ನಾಳ ಕಿವಿ ಬಿಸಿಯಾಯಿತು. ಈ ಅಟ್ಲಾಸ್ ಬೆಟ್ಟದ ಮಕ್ಕಳು ಮನೆಯಲ್ಲಿ ಆಡುವುದು ಅಮಾಜಿಗ್ ಭಾಷೆ. ಅವಳದೂ ಅದೇ. ಫೆಸ್ ಪಟ್ಟಣದಿಂದ ಬಂದ ಈ ಮೇಷ್ಟ್ರಿಗೆ ಅದರ ಒಂದು ಪದವೂ ಬಾರದು.

"ಅವರ ಹತ್ರ ಮಾತಿಗೇನೂ ಬರ ಇಲ್ಲ," ಎಂದಳು. "ಕೇಳೋಕೆ ನಿಮಗೆ ಕಿವಿ ಇಲ್ಲ, ಅಷ್ಟೇ."

ಮಾತು ಹೆಚ್ಚಾಯಿತೇನೋ ಎಂದು ದಿನವಿಡೀ ಒದ್ದಾಡಿದಳು. ಮರುದಿನ ಅವನೇ ಅವಳ ತರಗತಿಯ ಬಾಗಿಲಲ್ಲಿ ನಿಂತು, ನನಗೂ ನಿಮ್ಮ ಭಾಷೆ ಕಲಿಸುತ್ತೀರಾ ಎಂದು ಕೇಳಿದ.

ಅಂದಿನಿಂದ ಶಾಲೆ ಬಿಟ್ಟ ಮೇಲೆ ಎರಡೂ ತರಗತಿಯವರು ಒಟ್ಟಿಗೆ ಕೂರತೊಡಗಿದರು. ಯಾವ ಪದವೇ ಆಗಲಿ, ಮೊದಲು ವಸ್ತುವನ್ನು ಮುಟ್ಟಬೇಕು, ಮನೆಯಲ್ಲಿ ಕರೆಯುವ ಹೆಸರು ಹೇಳಬೇಕು. ಅರಬ್ಬಿ ಆಮೇಲೆ, ಬರಹ ಕೊನೆಗೆ. ಹಡಗಿನ ಪಾಠಕ್ಕೆ ಹೊಳೆಗೇ ಹೋಗಿ ಮರದ ತೊಗಟೆ ತೇಲಿಬಿಟ್ಟರು. ತೂಡಾ ತನ್ನ ಹಡಗಿನಲ್ಲಿ ಮೇಕೆಯ ಹಿಕ್ಕೆಗಳನ್ನು ಪ್ರಯಾಣಿಕರಾಗಿ ಕೂರಿಸಿದ್ದಳು.

ಝುಹೈರ್ ಮಕ್ಕಳಿಂದ ಕಲಿತು ಮಕ್ಕಳಂತೆಯೇ ತಪ್ಪುತ್ತಿದ್ದ. ನಾನು ಒಳ್ಳೆಯ ಹುಡುಗಿ ಎಂದುಬಿಟ್ಟ ದಿನ ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ತಿದ್ದಿಸಿಕೊಳ್ಳಲು ಯಾಮ್ನಾಳತ್ತ ತಿರುಗುತ್ತಿದ್ದ. ತಿದ್ದಿ ಮುಗಿದ ಮೇಲೂ ಅವನ ನೋಟ ಅಲ್ಲೇ ಉಳಿಯುತ್ತಿತ್ತು. ಅವಳು ಒರೆಸಿದ ಬೋರ್ಡನ್ನೇ ಮತ್ತೆ ಒರೆಸುತ್ತಿದ್ದಳು.

ವಸಂತ ಬಂತು, ಅದರೊಂದಿಗೆ ವರ್ಗಾವಣೆಯ ಸುದ್ದಿಯ ಕಾಲವೂ ಬಂತು. ಬೆಟ್ಟಕ್ಕೆ ಬಂದವರೆಲ್ಲ ಬಂದ ವರ್ಷವೇ ಅರ್ಜಿ ಹಾಕುತ್ತಾರೆ, ಅವನೂ ಹಾಕಿದ್ದ. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಮನೆಯಲ್ಲಿ ಯಾಮ್ನಾ ಚಹಾಕ್ಕೆ ಎರಡು ಸಲ ಸಕ್ಕರೆ ಹಾಕಿದಳು. ಅಮ್ಮ ಬೈದರೂ ಕೇಳಿಸಲಿಲ್ಲ. ಕೊನೆಗೆ ಸುದ್ದಿ ಕೊಟ್ಟವರು ಹೆಡ್‌ಮೇಷ್ಟ್ರು. ಝುಹೈರ್‌ಗೆ ಫೆಸ್ ಸಿಕ್ಕಿದೆ, ಬೇಡವೆನ್ನಲು ನಾಳೆ ಕೊನೆಯ ದಿನ, ಆದರೆ ಯಾರು ತಾನೇ ಬೇಡವೆನ್ನುತ್ತಾರೆ ಎಂದರು.

ಅವಳು ನೇರವಾಗಿ ಅವನ ತರಗತಿಗೆ ನಡೆದಳು. ಅವನು ಕಪಾಟು ಖಾಲಿ ಮಾಡುತ್ತಿದ್ದ.

"ಕ್ಕಿಮ್," ಎಂದಳು.

ಅವಳ ಭಾಷೆಯಲ್ಲಿ ಕೂತುಕೋ ಎನ್ನುವುದಕ್ಕೂ ಅದೇ ಮಾತು, ಇಲ್ಲೇ ಇರು ಎನ್ನುವುದಕ್ಕೂ ಅದೇ.

ಝುಹೈರ್ ಪುಸ್ತಕಗಳನ್ನು ಕೆಳಗಿಟ್ಟು, ಮಕ್ಕಳ ಬೆಂಚಿನ ಮೇಲೆ ಮಂಡಿ ಮಡಚಿ ಕುಳಿತ. "ಕೂತೆ. ಅಷ್ಟೇನಾ?"

"ಇನ್ನೊಂದು ಅರ್ಥನೂ ನಿನಗೆ ಗೊತ್ತು."

ಮೊದಲ ಸಲ ಅವನನ್ನು 'ನೀನು' ಎಂದಿದ್ದಳು. ಅವನ ನಗು ಅಡಗಿತು.

"ಗೊತ್ತು. ಆದ್ರೆ ಯಾರೂ ಹೇಳ್ಲಿಲ್ಲವಲ್ಲ. ನಾನೇ ಹೇಗೆ ಉಳ್ಕೊಳ್ಳಲಿ?"

"ನಾನು ಹೇಳ್ತಿದೀನಿ."

ಅವನು ಕೂತಲ್ಲಿಂದಲೇ ಪುಸ್ತಕಗಳನ್ನು ಮತ್ತೆ ಕಪಾಟಿನತ್ತ ಸರಿಸಿದ. ನಾಳೆ ಬೇಡವೆಂದು ಬರೆದುಕೊಡುತ್ತೇನೆ, ರಜೆಯಲ್ಲಿ ಅಮ್ಮನನ್ನು ಕರೆತರುತ್ತೇನೆ ಎಂದ.

"ನಮ್ಮಮ್ಮನಿಗೆ ನಿಮ್ಮ ಭಾಷೆ ಬರಲ್ಲ. ನಿಮ್ಮಮ್ಮನಿಗೆ ಅರಬ್ಬಿ ಬರಲ್ಲ. ಹೆಣ್ಣು ಕೇಳೋ ಮಾತನ್ನ ನಾನೇ ಆಡ್ಬೇಕು. ಅದು ನನಗೆ ಯಾರೂ ಕಲಿಸಿಲ್ಲ."

"ಹಾಗಾದ್ರೆ ಸರ್ಕೋ," ಎಂದು ಯಾಮ್ನಾ ಆ ಪುಟ್ಟ ಬೆಂಚಿನಲ್ಲೇ ಅವನ ಪಕ್ಕ ಕುಳಿತಳು. "ಮೊದಲು ನಮ್ಮಪ್ಪನಿಗೆ ಸಲಾಂ ಹೇಳ್ಬೇಕು. ಹೇಳು ನೋಡೋಣ."