ತಾಮ್ರದೊಳಗೆ ಇಳಿದ ಮಾಂತ್ರಿಕ

ಹಡಗು ಹತ್ತಿ ಡಚ್ಚರ ಸೀಮೆಗೆ ಹೋಗಿ ಬಂದವನು ಈ ಸುತ್ತಿನ ಏಳು ಊರಲ್ಲಿ ನಾನೊಬ್ಬನೇ. ಸುಳ್ಳು ಅನ್ನೋರು ನನ್ನ ಜೊತೆ ಬಂದಿದ್ದ ಮೂವರನ್ನು ಕೇಳಬಹುದು. ಮೂವರೂ ಸತ್ತು ಮೂವತ್ತು ವರ್ಷವಾಯಿತು. ಅಲ್ಲಿಂದ ತಂದ ಒಂದು ಹಾಳೆ ಈ ಟ್ರಂಕಿನಲ್ಲಿದೆ. ಕತೆ ಮುಗಿಯಲಿ, ತೋರಿಸುತ್ತೇನೆ.

ಆ ಸೀಮೆಯಲ್ಲಿ ನೆಲ ಕೆಳಗೆ, ಕಡಲು ಮೇಲೆ. ನಡುವೆ ಒಂದು ಮಣ್ಣಿನ ಏರಿ. ಬಹಳ ಬಹಳ ಹಿಂದೆ ಆ ಏರಿಯ ಮೇಲೆ ಕೋಟೆ ಕಟ್ಟಿಕೊಂಡು ಒಬ್ಬ ಮಾಂತ್ರಿಕ ಆಳುತ್ತಿದ್ದ. ಎದುರು ಮಾತಾಡಿದವರನ್ನು ಕೊಕ್ಕರೆ ಮಾಡಿ ಹೊಲಕ್ಕೆ ಅಟ್ಟುತ್ತಿದ್ದ. ಅವನ ಗಡ್ಡ ಕಾಡಿಗೆಗಿಂತ ಕಪ್ಪು. ಅಂಥವನಿಗೂ ಸಾವಿನ ಭಯ.

ಏರಿಯ ಕೆಳಗೆ ಯೋರಿಸ್ ಎಂಬ ಕಲಾವಿದನಿದ್ದ. ತಾಮ್ರದ ತಗಡಿನಲ್ಲಿ ಚಿತ್ರ ಕೊರೆದು, ಗೆರೆಗೆ ಮಸಿ ತುಂಬಿ, ಕಾಗದಕ್ಕೆ ಒತ್ತಿ ತೆಗೆಯುವುದು ಅವನ ಕಸುಬು. ಅವನಿಗಿದ್ದದ್ದು ಗೇರ್ತೆ ಎಂಬ ಮಗಳೊಬ್ಬಳೇ. ಮಾಂತ್ರಿಕ ಅವಳನ್ನು ಎಳೆತಂದು ಪಂಜರದಲ್ಲಿ ನಿಲ್ಲಿಸಿದ.

“ನನ್ನ ಮುಖ ತಾಮ್ರದಲ್ಲಿ ಕೊರಿ. ಅದು ಉಸಿರಾಡಬೇಕು. ಉಸಿರಾಡಿದರೆ ನನ್ನ ಜೀವ ಅದರೊಳಗೆ ಇಳಿಸಿ ಸಾವಿಲ್ಲದವನಾಗುತ್ತೇನೆ. ಮೂರು ಸಲ ನೋಡುತ್ತೇನೆ. ಸೋತಾಗಲೆಲ್ಲ ನಿನ್ನ ಮಗಳು ಒಂದಿಷ್ಟು ಕೊಕ್ಕರೆಯಾಗುತ್ತಾಳೆ.”

ಯೋರಿಸ್ ತಗಡಿಗೆ ಮೇಣ ಬಳಿದ, ಮೇಣದ ಮೇಲೆ ಗೀರಿದ, ಆಸಿಡ್ಡಿಗೆ ಅದ್ದಿದ. ಗೀರಿದಲ್ಲೆಲ್ಲ ಆಸಿಡ್ ತಾಮ್ರವನ್ನು ತಿಂದಿತು. ಮುಖ ಬಂತು, ಉಸಿರು ಬರಲಿಲ್ಲ. ಗೇರ್ತೆಯ ಕಾಲು ಕೊಕ್ಕರೆಯ ಕಾಲಾದವು.

ಎರಡನೇ ಸಲ ಇನ್ನೂ ಹೆಚ್ಚು ಹೊತ್ತು ಅದ್ದಿಟ್ಟ. ಹೊಗೆಗೆ ಅವನ ಎಡಗಣ್ಣು ಹೋಯಿತು. ಮುಖ ಬಂತು, ಉಸಿರು ಬರಲಿಲ್ಲ. ಗೇರ್ತೆಯ ತೋಳು ರೆಕ್ಕೆಯಾದವು.

“ಅಪ್ಪಾ, ಇನ್ನೊಂದು ಸಲ ತಪ್ಪಿದರೆ ನನ್ನ ಮಾತು ಹೋಗುತ್ತೆ,” ಎಂದಳು ಗೇರ್ತೆ. “ಈಗಲೇ ಹೇಳಿಬಿಡ್ತೀನಿ. ನೀನು ಕಾಯಿಸೋ ಗಂಜಿಗೆ ಯಾವತ್ತೂ ಉಪ್ಪು ಜಾಸ್ತಿ.” ನಗಲು ಹೋಗಿ ಅತ್ತಳು.

ಮೂರನೇ ಸಲ ಯೋರಿಸ್ ಮೇಣ ಮುಟ್ಟಲಿಲ್ಲ, ಆಸಿಡ್ ಮುಟ್ಟಲಿಲ್ಲ. ಉಕ್ಕಿನ ಸೂಜಿ ಹಿಡಿದು ಬರಿ ತಾಮ್ರವನ್ನೇ ಉತ್ತ. ನೇಗಿಲ ಸಾಲಿನ ಪಕ್ಕ ಮಣ್ಣು ಏಳುವಂತೆ ಗೆರೆಯ ಪಕ್ಕ ತಾಮ್ರದ ಸಣ್ಣ ದಡ ಎದ್ದಿತು. ಆ ದಡ ಮಸಿ ಹಿಡಿಯಿತು. ಗಡ್ಡ ಅಮಾವಾಸ್ಯೆಯಂತಾಯಿತು. ಮುಖ ಉಸಿರಾಡಿತು.

ಮಾಂತ್ರಿಕನ ಜೀವ ತಗಡಿಗೆ ಇಳಿಯಿತು. ಮೈ ಕಳಚಿಟ್ಟ ಅಂಗಿಯಂತೆ ಕುಸಿಯಿತು.

“ಈಗ ನನ್ನ ಮಗಳನ್ನ ಬಿಡು,” ಎಂದ ಯೋರಿಸ್.

ತಗಡು ನಕ್ಕಿತು. “ಏನವಸರ? ಈ ಸೀಮೆಯ ಪ್ರತಿ ಮನೆಯ ಗೋಡೆಯಲ್ಲೂ ನನ್ನ ಮುಖ ಇರಬೇಕು. ಒತ್ತು!”

ಆ ದಡ ಎಷ್ಟು ಮೆದುವೆಂದು ಯೋರಿಸ್‌ಗೆ ಗೊತ್ತಿತ್ತು. ಒಂದೊಂದು ಸಲ ಒತ್ತಿದಾಗಲೂ ಒಂದಿಷ್ಟು ಸವೆಯುತ್ತದೆ. ಅದನ್ನು ಬಾಯಿ ಬಿಡಲಿಲ್ಲ. ಅಚ್ಚೊತ್ತುವ ಯಂತ್ರದ ಹಿಡಿ ತಿರುಗಿಸಿದ.

ಹತ್ತನೇ ಹಾಳೆಗೆ ಗಡ್ಡ ನರೆಯಿತು. ಐವತ್ತನೇ ಹಾಳೆಗೆ ಕಣ್ಣು ಮಾಸಿತು.

“ಯಾಕೋ ಚಳಿ ಕಣೋ,” ಎಂದಿತು ತಗಡು.

“ಕಡಲ ಗಾಳಿ, ಒಡೆಯಾ. ಇನ್ನೂ ಮನೆಗಳಿವೆ. ನಿಲ್ಲಿಸಲಾ?”

“ನಿಲ್ಲಿಸಿದರೆ ಕೊಲ್ತೀನಿ. ಒತ್ತು!”

ಒತ್ತಿದ. ಅಂಗೈ ಸುಲಿದು ರಕ್ತ ಹಿಡಿಗೆ ಅಂಟಿತು. ಆದರೂ ಒತ್ತಿದ. ತೊಂಬತ್ತನೇ ಹಾಳೆಗೆ ಬಾಯಿ ಅಳಿಸಿಹೋಯಿತು, ಬೈಗುಳ ನಿಂತಿತು. ನೂರನೇ ಹಾಳೆ ಬರಿ ಬಿಳಿ. ಉಳಿದ ತೊಂಬತ್ತೊಂಬತ್ತನ್ನೂ ಒಲೆಗೆ ಹಾಕಿದ.

ಹೊಲದ ಕೊಕ್ಕರೆಗಳೆಲ್ಲ ಮನುಷ್ಯರಾಗಿ, ಮೊಣಕಾಲುದ್ದ ಕೆಸರಲ್ಲಿ ನಿಂತು ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗಿದರು. ಗೇರ್ತೆ ತನ್ನ ಕಾಲಲ್ಲೇ ನಡೆದು ಬಂದು ಅಪ್ಪನ ಕೈ ತೊಳೆದಳು. ಅವತ್ತಿಂದ ಗಂಜಿ ಅವಳೇ ಕಾಯಿಸಿದಳು. ಕಣ್ಣು ಒಂದೇ ಆದರೂ ಯೋರಿಸ್ ಸುಖವಾಗಿದ್ದ, ಸೀಮೆಯೂ ಸುಖವಾಗಿತ್ತು.

“ಇಗೋ, ಆ ನೂರನೇ ಹಾಳೆ!” ಎಂದು ಟ್ರಂಕಿನಿಂದ ತೆಗೆದು ಹಿಡಿದೆ. ಬೆಳ್ಳಗೆ, ಒಂದು ಗೆರೆಯೂ ಇಲ್ಲ. ಕತೆ ಕೇಳುತ್ತ ಕೂತವರೆಲ್ಲ ಬಾಯಿ ಬಿಟ್ಟು ನೋಡಿದರು. ಸೊಸೆ ಸಾವಂತ್ರಿ ಇಸಿದುಕೊಂಡು ಮಗುಚಿದಳು.

“ಮಾವಾ, ಹಿಂದುಗಡೆ ನಮ್ಮ ಮದುವೆ ಲಗ್ನಪತ್ರಿಕೆ ಅಚ್ಚಾಗಿದೆಯಲ್ಲ?”

ಹೆಗಲು ಕುಣಿಸಿದೆ. “ಅಷ್ಟು ಒಳ್ಳೆ ಕಾಗದ ಸುಮ್ಮನೆ ಬಿಡೋಕಾಗುತ್ತಾ?”